ನೆಲ ಡೊಂಕು

ಅರವತ್ತೆರಡು ವರ್ಷ ಹಳೆಯ ರಂಗಪ್ರತಿ.
ತೇವ ತಿಂದ ಅಂಚು, ನಡುವೆ ಯಾರದೋ ಬಸ್ ಟಿಕೇಟು.
ಎರಡನೇ ಅಂಕ, ಕೊನೆಯ ಕುಣಿತ.
ಅಲ್ಲಿ ಪೆನ್ಸಿಲ್ಲಿನಲ್ಲಿ ಒಂದೇ ಪದ:
'ಎಂದಿನಂತೆ.'

ಅಷ್ಟೇ.
ಹದಿನಾರು ಹುಡುಗಿಯರು, ನಾಲ್ಕು ನಿಮಿಷ,
ಹಲ್ ಬಂದರಿಗೆ ಬಂದರೇ ಎದ್ದು ನಿಲ್ಲುತ್ತಿತ್ತಂತೆ ಆ ಕುಣಿತಕ್ಕೆ.
ಒಬ್ಬರೂ ಬರೆದಿಟ್ಟಿಲ್ಲ.
ದಿನಾ ಮಾಡುವುದನ್ನು ಯಾರು ಬರೆದಿಡುತ್ತಾರೆ?

ನಾನು ರಂಗದ ನೆಲಕ್ಕೆ ಟೇಪು ಅಂಟಿಸುವವಳು.
ಕುರ್ಚಿ ಎಲ್ಲಿ, ದೀಪದ ಕಂಬ ಎಲ್ಲಿ, ಯಾರ ಕಾಲು ಎಲ್ಲಿ:
ಹಳದಿ, ನೀಲಿ, ಕೆಂಪು.
ಎಂದಿನಂತೆಗೆ ಯಾವ ಬಣ್ಣ ಅಂತ
ತಮ್ಸಿನ್‌ಳನ್ನು ಕೇಳಿದೆ.
ನಾಟಕವನ್ನು ಮತ್ತೆ ಎಬ್ಬಿಸಲು ಹೊರಟವಳು, ನಗಲಿಲ್ಲ.

ಹುಡುಕಿ ಹುಡುಕಿ ಸಿಕ್ಕಿದ್ದು ಒಬ್ಬಳೇ:
ಎನಿಡ್ ಗಾರ್ಬಟ್, ಎಂಬತ್ತನಾಲ್ಕು,
ಹಿಂದಿನ ಸಾಲು, ಎಡದಿಂದ ಮೂರನೆಯವಳು.
ಮೀನು ಕರಿಯುವ ಅಂಗಡಿಯ ಮೇಲೆ ಮನೆ,
ಪರದೆಗೂ ಎಣ್ಣೆಯ ವಾಸನೆ.
"ಏನೇನೂ ನೆನಪಿಲ್ಲ ಮಗಳೇ.
ನೆನಪಿರುವುದು ಹಸಿವು,
ಮತ್ತೆ ಡ್ರಮ್ಮು ಬಾರಿಸುತ್ತಿದ್ದವನ ಕತ್ತು."

ಟೀಗೆ ನೀರಿಡಲು ಎದ್ದಳು.
ಅಡುಗೆಮನೆಯ ಸವೆದ ನೆಲದ ಮೇಲೆ
ಒಂದು ಕಾಲು ತಾನಾಗಿ ಮಾತಾಡಿತು:
ಟಕ, ಟಕಟ, ಟಕ.
ಇನ್ನೊಂದರ ಕೀಲು ಟೈಟಾನಿಯಂ,
ಅದು ಆಗ ಹುಟ್ಟಿರಲಿಲ್ಲ,
ಸುಮ್ಮನೆ ನಿಂತಿತ್ತು.

ತಮ್ಸಿನ್ ಪಕ್ಕದಲ್ಲಿ ನಿಂತು
ಆ ಸುಮ್ಮನಿದ್ದ ಕಾಲಿಗೆ ಕಾಲಾದಳು.
ಹೀಗೆ ಒಂಬತ್ತು ಮಂಗಳವಾರ,
ಇಬ್ಬರು ಹೆಂಗಸರು ಒಂದು ಮೈ.
ನಾನು ಫೋನು ಹಿಡಿದು ಫ್ರಿಜ್ಜಿಗೆ ಒರಗಿದ್ದೆ.
ಪ್ರತಿ ಸಲ ಹನ್ನೊಂದನೆಯ ಎಣಿಕೆಗೆ
ಎನಿಡ್ ಹಾರುತ್ತಿದ್ದಳು.
ಹಾರುವುದು ಅಂದರೆ,
ಹಿಮ್ಮಡಿ ಒಂದಿಂಚು ಎದ್ದು ಕೂರುತ್ತಿತ್ತು.

ಆ ಹಾರಾಟ!
ಆಗಿನ ಪತ್ರಿಕೆಗಳು ಬರೆದದ್ದೇ ಅದರ ಬಗ್ಗೆ:
ಅಲೆ ಬಿಟ್ಟೇಳುವ ಕಡಲಹಕ್ಕಿ, ಇನ್ನೂ ಏನೇನೋ.
ಅನುದಾನದ ಅರ್ಜಿಯಲ್ಲಿ ತಮ್ಸಿನ್ ಎರಡು ಪುಟ ತುಂಬಿಸಿದ್ದಳು:
ಕಡಲಿಗೆ ಹೋದ ಗಂಡಸರಿಗೆ ಕಾದವರ
ಎದೆ ತಪ್ಪಿದ ಬಡಿತವೆಂದು.

ಎನಿಡ್ ನಕ್ಕು ಕೆಮ್ಮಿದಳು, ಕೆಮ್ಮಿ ನಕ್ಕಳು.
"ಅಲ್ಲೊಂದು ಹಲಗೆ ಕೊಳೆತಿತ್ತು ಕಣೇ.
ಮ್ಯಾನೇಜರು ದುಡ್ಡು ಬಿಚ್ಚಲಿಲ್ಲ.
ಮೊದಲ ವಾರವೇ ಮಾವಿಸ್‌ಳ ಕಾಲು
ಮಂಡಿಯವರೆಗೆ ಇಳಿಯಿತು.
ಆಮೇಲೆ ಎಲ್ಲರೂ ಹಾರಿದೆವು,
ಒಬ್ಬಳ ಹಿಂದೆ ಒಬ್ಬಳು.
ಜನ ಚಪ್ಪಾಳೆ ಹೊಡೆದರು.
ಹೊಡೆದ ಮೇಲೆ, ರಿಪೇರಿ ಯಾಕೆ?"

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.
ಇಲ್ಲಿ ನೆಲ ನಿಜವಾಗಿ ಡೊಂಕಿತ್ತು,
ಕುಣಿಯಬಲ್ಲವರು
ಅದನ್ನು ಯಾರಿಗೂ ಹೇಳಲಿಲ್ಲ.

ಆ ರಂಗಮಂದಿರ ಈಗ ಕಾರು ನಿಲ್ಲಿಸುವ ಜಾಗ.
ಹೊಸದರಲ್ಲಿ ನೆಲಕ್ಕೆ ಸ್ಪ್ರಿಂಗು,
ಒಂದು ಬಿರುಕಿಲ್ಲ, ಒಂದು ಮೊಳೆಯಿಲ್ಲ.
ನಾಲ್ಕು ನಿಮಿಷವನ್ನು ಎರಡು ಮಾಡಿ ಅಂದರು ಹಣ ಹಾಕಿದವರು,
ಈಗಿನ ಜನ ಕೂರುವುದಿಲ್ಲ.
ಒಲಾಬಿಸಿ ಎಂಬ ಹುಡುಗಿ, ಎಡದಿಂದ ಮೂರನೆಯವಳು, ಕೇಳಿದಳು:
"ಯಾತಕ್ಕೆ ಹಾರಬೇಕು ನಾವು?"
ಎಲ್ಲರೂ ಎಷ್ಟು ಚೆನ್ನಾಗಿ ಹಾರುತ್ತಿದ್ದರು,
ಎಷ್ಟು ಎತ್ತರ, ಎಷ್ಟು ಅಂದ.
ಏನೂ ಆಗುತ್ತಿರಲಿಲ್ಲ.

ಆ ರಾತ್ರಿ ಕಪ್ಪು ನೆಲಕ್ಕೆ ಕಪ್ಪು ಟೇಪು ಅಂಟಿಸಿದೆ,
ಒಂದು ಹಲಗೆಯಗಲ.
ಸಭೆಗೆ ಕಾಣದು, ಕಾಲಿಗೆ ಕಾಣುತ್ತದೆ.
ಮರುದಿನ ಮಾವಿಸ್‌ಳ ಮಂಡಿಯ ಕಥೆ ಹೇಳಿದೆವು.
ಒಲಾಬಿಸಿ ಹಾರಲಿಲ್ಲ,
ದಾಟಿದಳು.
ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು,
ಕಣ್ಣು ಮಾತ್ರ ಸಭೆಯ ಕಡೆ.

ಮೊದಲ ಪ್ರದರ್ಶನಕ್ಕೆ
ಕಾಲೇಜು ಹುಡುಗರು ಕಿಕ್ಕಿರಿದಿದ್ದರು.
ಹನ್ನೊಂದನೆಯ ಎಣಿಕೆಗೆ ಅಷ್ಟೂ ಜನ
ಉಸಿರು ಒಳಗೆಳೆದುಕೊಂಡದ್ದು
ರೆಕ್ಕೆಯ ಮರೆಯಲ್ಲಿದ್ದ ನನಗೆ ಕೇಳಿಸಿತು.
ಯಾಕೆಂದು ಅವರಿಗೆ ಗೊತ್ತಿಲ್ಲ.

ಎನಿಡ್ ಮಾತ್ರ ಹೊರಗೆ ಬಂದವಳೇ
"ಬೂಟಿನ ಸದ್ದು ಜಾಸ್ತಿಯಾಯಿತು," ಅಂದಳು.
ಟ್ಯಾಕ್ಸಿ ಹತ್ತುವಾಗ, ತಿರುಗದೆ,
"ಮಾವಿಸ್ ಅವತ್ತೂ ಕುಣಿತ ನಿಲ್ಲಿಸಲಿಲ್ಲ, ಗೊತ್ತಾ?
ಕಾಲು ಕಿತ್ತುಕೊಂಡಳು.
ಕಾಲುಚೀಲ ತುಂಬ ರಕ್ತ."

ಹೊಸ ರಂಗಪ್ರತಿಯಲ್ಲಿ ಆ ಜಾಗಕ್ಕೆ ಬಂದು
ಪೆನ್ಸಿಲ್ಲು ಹಿಡಿದು ಬಹಳ ಹೊತ್ತು ಕೂತೆ.
ಬರೆದೆ:
'ಹಲಗೆ. ಹುಷಾರು.'