ರಾತ್ರಿ ಪಾಳಿ, ಕಾರಪಳ್ಳಂ

ಸಂಜೆ ಆರಕ್ಕೆ ಗೇಟಿನ ಕೋಲು ಇಳಿಸಿದೆ.
ಕಡೆಯ ಲಾರಿ ಕಬ್ಬಿನದು,
ಕಮಾನಿಗೆ ತಗುಲಿ ಹತ್ತಿಪ್ಪತ್ತು ಜಲ್ಲೆ ಉದುರಿಸಿ ಹೋಯಿತು.
"ಒಂದೂ ಬಿಡದಂಗೆ ಬಾಚಪ್ಪ," ಎಂದ ಬೇದೇಗೌಡ,
"ರುಚಿ ಕಂಡ ಆನೆಗೆ ಲಾರಿಯೇ ಗದ್ದೆ."
ಇಬ್ಬರೂ ಬಾಗಿ ಬಾಗಿ ಆಯ್ದೆವು.
ವಯಸ್ಸೆಷ್ಟೆಂದು ಕೇಳಿದರೆ ಅವನು
"ಬಿದಿರು ಎರಡು ಸಲ ಹೂ ಬಿಟ್ಟದ್ದ ಕಂಡಿವ್ನಿ" ಎನ್ನುತ್ತಾನೆ.

ಮೇಜಿನ ಮೇಲೆ ರಿಜಿಸ್ಟರು, ತಮಿಳಿನಲ್ಲಿ ಗೆರೆ ಎಳೆದದ್ದು:
ವಂಡಿ ನಂಬರು, ಸರಕು, ಹೊತ್ತು, ಸಹಿ.
ರಾತ್ರಿ ಬರೆಯಲು ಏನೂ ಇಲ್ಲ.

ಗೇಟು ಬೀಳದ ಕಾಲದಲ್ಲಿ
ಬೆಳಗಿನ ಮೊದಲ ಕೆಲಸ ಸಲಿಕೆಯದು,
ರಸ್ತೆಗೆ ಅಂಟಿದ್ದನ್ನು ಬಿಡಿಸುವುದು.
ಒಮ್ಮೆ ಪುನುಗಿನ ಬೆಕ್ಕು. ಒಮ್ಮೆ ಕಡವೆ, ಬಸುರಿ.
ಒಮ್ಮೆ ಏನೆಂದೇ ತಿಳಿಯಲಿಲ್ಲ;
ಬೇದೇಗೌಡ ಉಳಿದಿದ್ದ ಒಂದು ಕಿವಿಯನ್ನು ಬೆರಳಲ್ಲಿ ಸವರಿ
"ಮೊಲ" ಎಂದ,
ಮನೆಯವರ ಗುರುತು ಹೇಳುವವನಂತೆ.

ತಾಳವಾಡಿಯಲ್ಲಿ ಬೈಯುತ್ತಾರೆ, ಗೊತ್ತು.
ನನ್ನ ಷಡ್ಡಕನೇ ಮೂರು ತಿಂಗಳಿಂದ ಮಾತು ಬಿಟ್ಟಿದ್ದಾನೆ:
ಅವನ ಕೋಸು ಸತ್ಯಮಂಗಲದ ಸಂತೆ ಸೇರುವಷ್ಟರಲ್ಲಿ
ಹೊರಗಿನೆಲೆ ಹಳದಿ, ಬೆಲೆ ಅರ್ಧ.
ಅವನದೂ ಸುಳ್ಳಲ್ಲ.

ಹತ್ತರ ಹೊತ್ತಿಗೆ ಡಾಂಬರು ತಣ್ಣಗಾಗುತ್ತದೆ.
ಲಾಂಟಾನ ಕಿತ್ತ ಇಳಿಜಾರಿನಲ್ಲಿ
ಈ ಸಲ ಹುಲ್ಲು ಮೊಣಕಾಲುದ್ದ;
ಅದರ ವಾಸನೆ ಕಿಟಕಿ ದಾಟಿ ಬಂದು
ಖಾಲಿ ಕುರ್ಚಿಯಲ್ಲಿ ಕೂರುತ್ತದೆ.
ಎಲ್ಲೋ ಕೆಳಗೆ, ದಿಂಬಂ ತಿರುವಿನಲ್ಲಿ,
ಬಿದಿರು ಮುರಿದ ಸದ್ದು. ಮತ್ತೆ ಇಲ್ಲ.

ಎರಡೂ ಹತ್ತಕ್ಕೆ ಬೇದೇಗೌಡ ನನ್ನ ಮೊಣಕೈ ಮುಟ್ಟಿದ.
ಬೀಡಿ ಆಗಲೇ ಆರಿಸಿದ್ದ.
ಕೋಲಿನಾಚೆ ಕತ್ತೆಕಿರುಬ:
ಮುಂದೆ ಎತ್ತರ, ಹಿಂದೆ ಕುಗ್ಗು,
ಹೊರೆ ಇಳಿಸಿದ ಮೇಲೂ ಬೆನ್ನು ನೆಟ್ಟಗಾಗದ ಹಮಾಲಿಯ ನಡಿಗೆ.
ನಡುರಸ್ತೆಯ ಬಿಳಿ ಗೆರೆ ಮೂಸಿತು,
ನೆಕ್ಕಿತು, ರುಚಿಸಲಿಲ್ಲ.
ನಮ್ಮನ್ನು ನೋಡಿತೋ ಇಲ್ಲವೋ.
ಮೋಯಾರಿನ ಕಡೆ ಇಳಿಯಿತು.

ರಿಜಿಸ್ಟರಿನ ಕಡೆಯ ಹಾಳೆ ತೆರೆದೆ,
ಕದ್ದವನಂತೆ, ಕನ್ನಡದಲ್ಲಿ.
ನಂಬರು: ಇಲ್ಲ.
ಸರಕು: "ಹಸಿವು" ಎಂದು ಬರೆದು, ಹೊಡೆದುಹಾಕಿ, ಖಾಲಿ ಬಿಟ್ಟೆ.
ಹೊತ್ತು: ೨-೧೦.
"ಸಹಿ ಯಾರದು ಗೌಡ?" ಎಂದು ನಕ್ಕೆ.
ಅವನು ಟಾರ್ಚು ಹಿಡಿದು ಹೋಗಿ
ರಸ್ತೆಯಂಚಿನ ಹುಡಿಮಣ್ಣಿನ ಮುಂದೆ ಕುಕ್ಕರುಗಾಲಲ್ಲಿ ಕೂತ.
"ಇಲ್ಲೇ ಅದ, ಬಾ ನೋಡು."

ಬೆಳಿಗ್ಗೆ ಆರಕ್ಕೆ ಕೋಲು ಎತ್ತಿದೆ.
ಮೊದಲ ಲಾರಿ ಕೋಸಿನದು.
ಅಂಚಿಗೆ ಬಾರದೆ ನಡುವೆಯೇ ಹೋಗೆಂದು ಕೈ ಬೀಸಿದೆ.
ಡ್ರೈವರು ಏನೋ ಬೈದುಕೊಂಡು
ನಡುವೆಯೇ ಹೋದ.