ಹಾದುಹೋಗಲು ಮಾತ್ರ

ಕೊಡಲಿ ಪ್ಲಾಟು ಅನ್ನುತ್ತಾರೆ ಇದಕ್ಕೆ, ಈ ಬ್ಯಾಲರಾಟ್‌ನಲ್ಲಿ:
ಹಿಂದೆ ಅಲಗು, ಅಲ್ಲಿ ಟ್ರೆವಿನ್ ಮನೆ,
ಮುಂದೆ ಉದ್ದಕ್ಕೆ ಕಾವು, ಮೂರು ಮೀಟರಿನ ಕಾಂಕ್ರೀಟು ದಾರಿ,
ಕಾವಿಗೆ ಆತುಕೊಂಡು ನನ್ನ ಮನೆ.
ನೆಲ ನನ್ನದು. ದಾರಿ ಇಬ್ಬರದು.
ಕೊಡಲಿ ಕಾವು ಕುಲಕ್ಕೆ ಸಾವು ಅಂತ
ಮನೆ ತೋರಿಸಿದ ಏಜೆಂಟನಿಗೆ ಹೇಳುವುದು ಹೇಗೆ?
ನಕ್ಕು ಸಹಿ ಹಾಕಿದೆ.

ಮೊದಲು ಒಂದು ಕಾರು. ಸರಿ.
ಆಮೇಲೆ ಮಗಳ ಕೆಂಪು ಕಾರು, ಅವಳ ಗೆಳೆಯನ ಪಿಕಪ್ಪು,
ಗೆಳೆಯನ ಗೆಳೆಯರು, ಅವರದೊಂದು ನಾಯಿ.
ಶನಿವಾರ ಬಾನೆಟ್ಟು ಎತ್ತಿ ರಿಪೇರಿ,
ಕತ್ತಲಾಗುವವರೆಗೆ ರೇಡಿಯೋದಲ್ಲಿ ಫುಟ್ಬಾಲು.
ಮಾರ್ಚಿನಲ್ಲಿ ಒಂದು ದೋಣಿ ಬಂತು.
ಸಮುದ್ರ ಇಲ್ಲಿಂದ ಗಂಟೆಗೂ ಮೀರಿದ ದಾರಿ,
ದೋಣಿಯ ಲಂಗರು ಮಾತ್ರ ನನ್ನ ಅಡುಗೆಮನೆ ಕಿಟಕಿಯ ಕೆಳಗೆ.

ಆಸ್ಪತ್ರೆಯ ಲಾಂಡ್ರಿಯಲ್ಲಿ ರಾತ್ರಿಪಾಳಿ ಮುಗಿಸಿ
ಏಳಕ್ಕೆ ಬಂದರೆ ನನ್ನ ಗ್ಯಾರೇಜಿನ ಬಾಯಿಗೆ ಅದರ ಮೂತಿ.
ರಸ್ತೆಯ ಮಂಜಿನಲ್ಲೇ ಕಾರು ಬಿಟ್ಟು ಬಾಗಿಲು ತಟ್ಟಿದೆ.
ಲೀಆನ್ ಬಂದಳು, ನೈಟಿಯ ಮೇಲೆ ಗಂಡನ ಕೋಟು.
"ಅಯ್ಯೋ, ಎರಡೇ ನಿಮಿಷ, ಮಿಸೆಸ್ ಸಾವಾಲಗಿ!"
ಅವಳ ಎರಡು ನಿಮಿಷಕ್ಕೆ ಒಂದೂವರೆ ಗಂಟೆ.
ನಾನು ಸಾವಳಗಿ.
ಹೇಳಿ ಹೇಳಿ ಸಾಕಾಗಿ ಈಗ ಕರೆದದ್ದಕ್ಕೆಲ್ಲ ಓಗೊಡುತ್ತೇನೆ.

ದುಡ್ಡು ಕಟ್ಟಿ ಪತ್ರ ತರಿಸಿದೆ, ನೆಲದ ಜಾತಕ.
ಹಿಂದಿನ ಮನೆಯವರಿಗೆ ಹೋಗುವ ಹಕ್ಕು, ಬರುವ ಹಕ್ಕು,
ಕಾಲ್ನಡಿಗೆಯಲ್ಲಿ, ವಾಹನದಲ್ಲಿ, ಎಲ್ಲ ಹೊತ್ತಿನಲ್ಲೂ.
ನಿಲ್ಲುವ ಹಕ್ಕು ಎಲ್ಲೂ ಇಲ್ಲ.
ಹಾದುಹೋಗಲು ಮಾತ್ರ.
ನಾಲ್ಕು ಸಲ ಓದಿದೆ. ಗುಮಾಸ್ತನೊಬ್ಬ ಬರೆದದ್ದು,
ಮಠದ ಅಯ್ಯನವರ ಬಾಯಲ್ಲಿ ಬರಬೇಕಾದ್ದು.

ವಕೀಲಳ ಒಂದು ಕಾಗದಕ್ಕೆ ನಾನೂರೈವತ್ತು ಡಾಲರು.
ಡ್ಯಾರೆನ್ ಅದನ್ನು ನಿಂತೇ ಓದಿದ, ಮಡಚಿದ,
"ಅಳೆಸೋಣ ಹಾಗಾದರೆ" ಅಂದ.

ನಮ್ಮಪ್ಪ ತಾಲೂಕು ಸರ್ವೇಯರನ ಹಿಂದೆ
ಸರಪಳಿ ಹಿಡಿದು ಮೂವತ್ತು ವರ್ಷ ನಡೆದವನು.
ಸರಪಳಿಗೆ ಹದಿನಾರು ಆಣೆ, ಬಿಸಿಲಿಗೆ ಲೆಕ್ಕವಿಲ್ಲ.
ಅವನು ಅನ್ನುತ್ತಿದ್ದ:
ಅಳೀಲಿಕ್ಕೆ ಕರೆದವರ ಮನ್ಯಾಗ ನೀರು ಕುಡಿ, ಉಣಬ್ಯಾಡ,
ಸಂಜೀಕ ಅವರಽ ಬೈತಾರ.

ಅಳೆಯಲು ಬಂದ ಹುಡುಗಿಗೆ ಮೂರು ಕಾಲಿನ ಯಂತ್ರ, ಸರಪಳಿ ಇಲ್ಲ.
ಕಾಂಕ್ರೀಟಿನ ಮೇಲೆ ಗುಲಾಬಿ ಬಣ್ಣದ ಗೆರೆ ಎಳೆಯುತ್ತ ಹೋದಳು.
ದೋಣಿ ಪೂರ್ತಿ ಗೆರೆಯೊಳಗೆ. ನನ್ನ ಎದೆ ಹಿಗ್ಗಿತು.
ಎಣ್ಣೆಯ ಕಲೆ ಗೆರೆಯೊಳಗೆ. ಬರೆದುಕೊಳ್ಳಮ್ಮ, ಬರೆದುಕೊ.
ಆಮೇಲೆ ಗೆರೆ ಅಡುಗೆಮನೆಯ ಕಡೆ ವಾಲಿತು,
ನನ್ನ ಮೆಟ್ಟಿಲು ಹತ್ತಿತು,
ಹತ್ತಿ, ನಡುಮಧ್ಯೆ ಸೀಳಿಕೊಂಡು ಇಳಿಯಿತು.
ನಲವತ್ತು ಸೆಂಟಿಮೀಟರು.
ಹನ್ನೊಂದು ವರ್ಷ ನಾನು ಕಾಫಿ ಕುಡಿದ ಮೆಟ್ಟಿಲು,
ಯಾರು ಬಂದರು, ಎಷ್ಟು ಹೊತ್ತು ನಿಲ್ಲಿಸಿದರು
ಎಂದು ಕಾವಲು ಕೂತ ಮೆಟ್ಟಿಲು
ಅದೇ ದಾರಿಯೊಳಗೆ ನಿಂತಿತ್ತು.
ನಿಂತಿತ್ತು. ಹಾದುಹೋಗುತ್ತಿರಲಿಲ್ಲ.

ಡ್ಯಾರೆನ್ ಮೆಟ್ಟಿಲು ನೋಡಿದ, ನನ್ನನ್ನು ನೋಡಿದ,
ಏನೂ ಅನ್ನಲಿಲ್ಲ.
ಅಂದಿದ್ದರೆ ನನ್ನ ಹತ್ತಿರ ಮಾತು ತಯಾರಿತ್ತು,
ಕನ್ನಡದಲ್ಲಾದರೂ.

ಭಾನುವಾರ ದೋಣಿ ಹೋಯಿತು, ಯಾರಿಗೆ ಮಾರಿದನೋ.
ಎಣ್ಣೆ ಇನ್ನೂ ತೊಟ್ಟಿಕ್ಕುತ್ತದೆ,
ಪಿಕಪ್ಪಿನ ಹುಡುಗನಿಗೆ ಇನ್ನೂ ಬುದ್ಧಿ ಬಂದಿಲ್ಲ.
ಗುಲಾಬಿ ಗೆರೆ ಮಳೆಗೆ ಮಾಸುತ್ತಿದೆ,
ತಿದ್ದಲು ಯಾರೂ ಹೋಗಿಲ್ಲ.

ಬೆಳಿಗ್ಗೆ ಏಳೂಕಾಲು. ಕಾಫಿ. ಮೆಟ್ಟಿಲು.
ಅವನ ಕಾರು ಹಿಮ್ಮುಖವಾಗಿ ಬರುತ್ತದೆ, ಬೀಪ್ ಬೀಪ್ ಎಂದು.
ಸ್ಟೀರಿಂಗಿನಿಂದ ತೋರುಬೆರಳೊಂದನ್ನು ಎತ್ತುತ್ತಾನೆ.
ನಾನು ಕಾಲು ಒಳಗೆಳೆದುಕೊಳ್ಳುತ್ತೇನೆ,
ನಲವತ್ತು ಸೆಂಟಿಮೀಟರು.