ಒಂಬತ್ತು ಬೆರಳಿನ ನೂರು

ಬೈತಖೋಲದ ಐಸ್ ಫ್ಯಾಕ್ಟರಿಯಲ್ಲಿ ನಾನು ಗುಮಾಸ್ತ.
ನನ್ನ ವಹಿಯಲ್ಲಿ ನೂರು ಅಂದರೆ ನೂರೇ:
ಒಂದರ ಬೆನ್ನಿಗೆ ಎರಡು ಸೊನ್ನೆ,
ದೋಣಿಯ ಹಿಂದೆ ತೇಲಿಬರುವ ಎರಡು ಬುಂಡೆ.

ಪುಂಡಲೀಕ ದುರ್ಗೇಕರನ ಎಡಗೈ ಕಿರುಬೆರಳನ್ನು
ವಿಂಚಿನ ಹಗ್ಗ ಕೊಂಡೊಯ್ದು ಹದಿನಾಲ್ಕು ವರ್ಷ.
ಅಂದಿನಿಂದ ಅವನ ಎಣಿಕೆ ಒಂಬತ್ತಕ್ಕೇ ದಡ ಮುಟ್ಟುತ್ತದೆ.
ಒಂಬತ್ತು ಕವಡೆಗೆ ಒಂದು ತಿಸರಿ ಚಿಪ್ಪು,
ಒಂಬತ್ತು ತಿಸರಿಗೆ ಒಂದು ಶಂಖ.
"ಇಲ್ಲದ ಬೆರಳನ್ನು ಯಾಕೆ ಎಣಿಸಲಿ ಮಾರಾಯ,
ಅದೇನು ಬಲೆ ಎಳೆಯುತ್ತದೆಯೇ?"

ಆ ಬೆಳಗು ನೂರು ಇಸವಾಣ.
ದೇವಗಡದ ದೀಪ ಇನ್ನೂ ಆರಿರಲಿಲ್ಲ.
ಹಲಗೆಯ ಮೇಲೆ ಅವನಿಟ್ಟದ್ದು
ಒಂದು ಶಂಖ, ಎರಡು ತಿಸರಿ, ಒಂದು ಕವಡೆ.
ಪಕ್ಕದಲ್ಲೇ ಸೀಮೆಸುಣ್ಣದಿಂದ ಬರೆದೆ: ೧೨೧.
ಎಡದಿಂದ ಬಂದರೂ ಬಲದಿಂದ ಬಂದರೂ ಅದೇ.
"ನೂರಾ ಇಪ್ಪತ್ತೊಂದಾಯಿತಲ್ಲೋ!"
"ನಿನ್ನ ಕೈಗೆ," ಅಂದ.

ದೋಣಿಯಲ್ಲಿ ಎಂಟು ಮಂದಿ.
ಅವನು ಭಾಗಿಸಲಿಲ್ಲ. ಸಣ್ಣದು ದೊಡ್ಡದೆನ್ನದೆ
ಚಿಪ್ಪುಗಳನ್ನಷ್ಟೇ ಎಣಿಸಿದ: ಒಂದು, ಎರಡು, ಮೂರು, ನಾಲ್ಕು.
"ನಾಲ್ಕು ಮೀನು ಮಿಗುತ್ತವೆ."
ನಾನು ಪೆನ್ನು ಹಿಡಿದು ತಡವಾಗಿ ಅಲ್ಲಿಗೇ ತಲುಪಿದೆ.
ಶಂಖದೊಳಗಿನ ಎಂಬತ್ತೊಂದನ್ನು ಎಂಟು ಮಂದಿಗೆ ಹಂಚು,
ಒಂದು ಉಳಿಯುತ್ತದೆ. ತಿಸರಿಯ ಒಂಬತ್ತರಲ್ಲೂ ಒಂದೇ.
ಕವಡೆ ಹೇಗೂ ಒಂದು.
ಎಷ್ಟೇ ದೊಡ್ಡ ಚಿಪ್ಪಾದರೂ
ಬಾಕಿ ಇಡುವುದು ಒಂದೇ ಮೀನು.

ಆ ನಾಲ್ಕಕ್ಕೆ ಜಗಳ ಶುರುವಾಗುವ ಹೊತ್ತಿಗೆ
ರಾಯ್ಕರ ಶೇಠರು ಬೈಕಿನಿಂದ ಇಳಿದರು.
"ದೋಣಿಗೊಂದು ಪಾಲು, ಬಲೆಗೊಂದು. ಹತ್ತು ಮಾಡಿ."
ಪುಂಡಲೀಕ ಬಲ ಅಂಗೈಯಲ್ಲಿ ಶಂಖ, ಕವಡೆ,
ಎಡದಲ್ಲಿ ಎರಡು ತಿಸರಿ ಇಟ್ಟು ತೂಗಿದ.
ಶಂಖ, ಕವಡೆ ಒಂದೊಂದು ಮಿಗಿಸಿದರೆ
ತಿಸರಿಗಳು ಒಂದೊಂದು ಕಡಿಮೆ ಬೀಳುತ್ತವೆ.
ಅಲ್ಲಿಗೆರಡು, ಇಲ್ಲಿಗೆರಡು.
"ಏನೂ ಮಿಗುವುದಿಲ್ಲ," ಎಂದ,
ಸೂತಕದ ಮನೆಯ ದನಿಯಲ್ಲಿ.

ಶೇಠರ ಡಬ್ಬಿಗೆ ಇಪ್ಪತ್ತು ಹೋದವು.
ನಾನು ವಹಿಯಲ್ಲಿ ಬರೆದೆ: ಶೇಷ, ಸೊನ್ನೆ.
ಅಷ್ಟು ಚಂದದ ಅಕ್ಷರ ನನ್ನ ಕೈಯಿಂದ ಬಂದದ್ದು ಕಡಿಮೆ.

ಶೇಠರು ಬಾರದ ದಿನಗಳಲ್ಲಿ ಮಿಕ್ಕಿದ್ದರಲ್ಲಿ
ಒಂದು ದಂಡೆಯ ಪಾತ್ರೆಗೆ, ಒಂದು ಐಸಿನವನಿಗೆ.
ಐಸಿನವನೆಂದರೆ ನಾನೇ. ತಿಂದಿದ್ದೇನೆ.
ಉಳಿದದ್ದಕ್ಕೆ ಬಿಸಿಲೇರುವ ತನಕ ಬೈಗುಳ, ನಗು,
ಯಾವ ಪುಟಕ್ಕೂ ಏರದ್ದು.

ರಾತ್ರಿ ನಿದ್ದೆ ಬರಲಿಲ್ಲ. ಕತ್ತಲಲ್ಲೇ ಬೆರಳು ಮಡಚಿದೆ.
ಹತ್ತೂ ಇದ್ದರೆ ೧೨೧ ಹನ್ನೊಂದು ಸಾಲು, ಸಾಲಿಗೆ ಹನ್ನೊಂದು.
ಒಂದು ಹೋದರೆ ಹತ್ತು ಹತ್ತಲಿ ನೂರು.
ಎರಡು ಹೋದರೆ ಒಂಬತ್ತೊಂಬತ್ತಲಿ ಎಂಬತ್ತೊಂದು.
ಹಗ್ಗ ಏಳನ್ನೂ ಕೊಂಡೊಯ್ದು ಮೂರೇ ಬಿಟ್ಟರೂ
ನಾಲ್ಕು ನಾಲ್ಕಲಿ ಹದಿನಾರು: ಚೌಕ ಮುರಿಯುವುದಿಲ್ಲ.
ಎರಡೇ ಉಳಿದವನಿಗೆ ಮಾತ್ರ
ಆ ನಡುವಿನ ಎರಡನ್ನು ಬರೆಯಲು ಅಂಕೆಯಿಲ್ಲ.

ಬೆಳಿಗ್ಗೆ ಅಂಗಿ ಒಗೆಯಲು ಹಾಕುವಾಗ
ಕಿಸೆಯಲ್ಲಿ ಒಂದು ಕವಡೆ ಸಿಕ್ಕಿತು.
ಯಾವ ನೂರಿನದೋ.